ಕುಂಬಾರಗೇರಿಯ ಇಟಲಿ ಕುಂಡಗಳು

ನಗು ಬರಿಸುವ ಪ್ರಸಂಗಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಮಡಕೆ ಮಾಡುವ ತಿಗರಿಯ ಮುಂದೆ ಕೂತು ಎರಡೂ ಕೈ ಮಣ್ಣಾಗಿರುವ ಹೊತ್ತಿಗೇ ಅವು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವು. ಓಡಿಸೋಣವೆಂದರೆ ಕೈಗೆ ಬಿಡುವಿರಲಿಲ್ಲ. ಓಡಿಸದೆ ಇದ್ದದ್ದೇ ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಒಲೆ ಉರಿದದ್ದೇ ಅವುಗಳ ದೆಸೆಯಿಂದ.

ತೂತು

ಸ್ವಾತಂತ್ರ್ಯ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ಮನೆಮನೆಗೂ ಅಲ್ಯುಮಿನಿಯಂ ಪಾತ್ರೆ ಬಂದು ಮಡಕೆ ಕೇಳುವವರೇ ಇಲ್ಲವಾಗಿದ್ದರು. ಮಡಕೆ ಸುಡುವ ಆವಿಗೆ ತಣ್ಣಗೆ ಕೂತಿತ್ತು. ಈ ಕಸುಬು ಬಿಟ್ಟು ಮಿಲ್ಲಿಗೆ ಸೇರಿಕೊಳ್ಳಲೇ ಎಂದು ಯೋಚಿಸುತ್ತಿದ್ದಾಗ ಲಕ್ಷ್ಮೀಪುರಂನಿಂದ ಒಬ್ಬ ಡಾಕ್ಟರು ಬಂದರು. ಯುದ್ಧದ ಕಾಲದಲ್ಲಿ ಸೈನ್ಯದ ಜೊತೆ ಇಟಲಿಯಲ್ಲಿದ್ದವರು. ಅಲ್ಲಿ ಅಂಗಳದಲ್ಲೆಲ್ಲ ಸೊಂಟದೆತ್ತರದ ಕುಂಡ ಇಟ್ಟು ನಿಂಬೆಗಿಡ ಬೆಳೆಸುತ್ತಾರಂತೆ. ದಪ್ಪ ಅಂಚು, ಅಗಲ ಹೊಟ್ಟೆ, ಬಣ್ಣವೇನೂ ಬೇಡ, ಸುಟ್ಟ ಮಣ್ಣಿನ ಕೆಂಪೇ ಚೆಂದ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ತಳಕ್ಕೊಂದು ತೂತಿರಲಿ ಎಂದೂ ಹೇಳಿದರು.

ಒಳಗಿದ್ದ ಅಪ್ಪ ಎದ್ದು ಬಂದರು. "ನಮ್ಮ ವಂಶದಲ್ಲಿ ಯಾರೂ ತೂತು ಮಡಕೆ ಮಾರಿಲ್ಲ, ಬುದ್ಧಿ."

ನೀರು ಬಸಿದುಹೋಗಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿಹೋದರು. ಅಪ್ಪ ಮಾತ್ರ ಜಗ್ಗಲಿಲ್ಲ. ನಾನು ತೂತಿಲ್ಲದ ಕುಂಡವನ್ನೇ ಮಾಡಿ ಗಾಡಿಯಲ್ಲಿ ಕಳಿಸಿದೆ. ಅವರು ತಳ ನೋಡಲಿಲ್ಲ, ನಾನು ಬಾಯಿ ಬಿಡಲಿಲ್ಲ. ಮಳೆಗಾಲದಲ್ಲಿ ಒಂದು ದಿನ ಹೇಳಿಕಳಿಸಿದರು. ಹೆದರಿಕೊಂಡೇ ಹೋದೆ. ಕುಂಡದ ಅಂಚಿನವರೆಗೂ ನೀರು ನಿಂತಿತ್ತು. ಅವರು ಬೈಯಲಿಲ್ಲ.

"ನಿಮ್ಮ ತಂದೆಯವರಿಗೆ ಹೇಳಪ್ಪ, ಒಂದು ತೊಟ್ಟೂ ಸೋರ್ತಿಲ್ಲ. ನಿಂಬೆಗಿಡ ಮಾತ್ರ ಈಜು ಕಲೀತಾ ಇದೆ."

ಸಿಂಹ

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನನ್ನ ಸಹವಾಸ ಬಿಡುತ್ತಿದ್ದರು. ಡಾಕ್ಟರು ಇನ್ನೂ ಆರು ಕುಂಡ ಮಾಡಲು ಹೇಳಿದರು. ಈ ಸಲ ತೂತಿನ ಜೊತೆಗೆ, ಹೊಟ್ಟೆಯ ಮೇಲೆ ಒಂದೊಂದು ಸಿಂಹದ ಮುಖವೂ ಬೇಕಿತ್ತು.

ಸಿಂಹ ನೋಡಲು ಮೃಗಾಲಯಕ್ಕೆ ಹೋದೆ. ಅದು ನನಗೆ ಬೆನ್ನು ತಿರುಗಿಸಿ ಮಲಗಿತ್ತು. ಮಧ್ಯಾಹ್ನದವರೆಗೆ ಕಾದರೂ ಬಾಲದ ಹೊರತು ಬೇರೇನೂ ದರ್ಶನವಾಗಲಿಲ್ಲ. ಮನೆಗೆ ಬಂದು, ನನಗೆ ಗೊತ್ತಿದ್ದವರಲ್ಲೇ ಭಯ ಹುಟ್ಟಿಸುವ ಮುಖ ಯಾವುದೆಂದು ಯೋಚಿಸಿದೆ. ಅಗಲ ಮೂಗು, ಪೊದೆ ಹುಬ್ಬು, ಕೆನ್ನೆ ತುಂಬ ಮೀಸೆ. ನಮ್ಮ ಮಾವನವರದು. ಅದಕ್ಕೇ ಸುತ್ತಲೂ ಸ್ವಲ್ಪ ಕೇಸರದ ಕೂದಲು ಸೇರಿಸಿ ಅಚ್ಚು ಮಾಡಿದೆ.

ಕುಂಡಗಳು ನೆರಳಲ್ಲಿ ಒಣಗುತ್ತಿದ್ದಾಗಲೇ ಹಬ್ಬಕ್ಕೆಂದು ಅತ್ತೆ ಮಾವ ಬಂದಿಳಿದರು. ಮಾವ ಒಂದು ಕ್ಷಣ ನೋಡಿ, ಮೃಗ ಜೋರಾಗಿದೆ ಎಂದು ಮೀಸೆ ತೀಡಿಕೊಂಡು ಒಳಗೆ ಹೋದರು. ಅತ್ತೆ ಆರನ್ನೂ ಸುತ್ತಿ ಸುತ್ತಿ ನೋಡಿದರು.

"ಚೆನ್ನಾಗವೆ ಅಳಿಯಂದ್ರೇ," ಎಂದರು ಮೆಲ್ಲಗೆ. "ಆದ್ರೆ ಇಷ್ಟು ಶಾಂತವಾಗಿ ಇವ್ರು ಯಾವತ್ತೂ ಇದ್ದಿದ್ದೇ ಇಲ್ಲ."

ಗೇಟು

ಡಾಕ್ಟರ ಅಂಗಳ ನೋಡಿದ ಪಕ್ಕದ ಮನೆಯ ನಿವೃತ್ತ ಜಡ್ಜಿಗೆ ಅದಕ್ಕಿಂತ ದೊಡ್ಡ ಕುಂಡ ಬೇಕೆನಿಸಿತು. ಅಂಗಳದ ಅಳತೆ ನೋಡಿ ಕುಂಡ ಆರಿಸಬೇಕು, ಇಡುವ ಜಾಗದಲ್ಲಿಟ್ಟ ಮೇಲೆ ಮಣ್ಣು ತುಂಬಬೇಕು ಎಂದು ಡಾಕ್ಟರು ಬೇಲಿಯಾಚೆಯಿಂದ ಹೇಳಿದರು. ಜಡ್ಜಿಯವರ ತೀರ್ಪು ಆಗಲೇ ಬರೆದಾಗಿತ್ತು. ನಾನು ತಂದ ಕುಂಡವನ್ನು ಗೇಟಿನ ಒಳಗೇ ಇಳಿಸಿಕೊಂಡು, ಅಲ್ಲೇ ಮಣ್ಣು ಗೊಬ್ಬರ ತುಂಬಿಸಿ ಗಿಡ ನೆಡಿಸಿದರು. ಸಂಜೆ ಅವರ ಕಾರು ಬಂತು. ಕುಂಡ ಅಡ್ಡವಾಗಿ ಗೇಟು ತೆರೆಯಲಿಲ್ಲ. ಎಂಟು ಜನ ನೂಕಿದರೂ ಕುಂಡ ಕದಲಲಿಲ್ಲ.

ಮುಂದಿನ ವಾರ ನೋಡಿದರೆ ಕುಂಡ ಅಲ್ಲೇ ಇತ್ತು, ಗೇಟು ಹತ್ತಡಿ ಆಚೆಗೆ ಹೋಗಿತ್ತು.

ಪರದೇಶಿ

ಡಾಕ್ಟರ ಮಾತಿನಿಂದ ಊರಿನ ಬಂಗಲೆಗಳೆಲ್ಲ ನನಗೆ ಪರಿಚಯವಾದವು. ಆವಿಗೆ ಮತ್ತೆ ವಾರಕ್ಕೊಮ್ಮೆ ಹೊಗೆಯಾಡಿತು. ಮಿಲ್ಲಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೊನೆಗೆ ಅಪ್ಪನೇ ಕೂತು ತೂತು ಕೊರೆಯುತ್ತಿದ್ದರು. ಪುಣ್ಯಾತ್ಮರಾದ ಆ ಡಾಕ್ಟರನ್ನು ನೆನೆಯದೆ ನಾನು ಇವತ್ತಿಗೂ ಮಣ್ಣು ಮುಟ್ಟುವುದಿಲ್ಲ.

ಒಂದು ವರ್ಷ ಫಲಪುಷ್ಪ ಪ್ರದರ್ಶನಕ್ಕೆ ಅವರೇ ಒತ್ತಾಯ ಮಾಡಿ ನನ್ನ ಕುಂಡಗಳನ್ನು ಇಡಿಸಿದರು. ಇಳಿಸುವಾಗ ನನ್ನ ಅಂಗಿ ಹರಿಯಿತು. ಅವರು ತಮ್ಮ ಕೋಟು ತೊಡಿಸಿದರು. ಬಿಸಿಲೆಂದು ಹ್ಯಾಟನ್ನೂ ಇಟ್ಟರು. ಅಷ್ಟರಲ್ಲಿ ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿ ಕುಂಡಗಳ ಮುಂದೆ ನಿಂತು, ಇಂಥ ಕೆಲಸ ನಮ್ಮವರ ಕೈಲಿ ಆಗುತ್ತದೆಯೇ, ಇದು ಇಟಲಿಯದೇ ಎಂದು ಸುತ್ತಲಿದ್ದವರಿಗೆ ವಿವರಿಸತೊಡಗಿದರು. ಡಾಕ್ಟರು ನನ್ನನ್ನು ಮುಂದಕ್ಕೆ ತಂದು, ಮಾಡಿದವರು ಇವರೇ ಎಂದರು.

ಅಧಿಕಾರಿ ನನ್ನ ಕೈ ಕುಲುಕಿ, ಇಂಗ್ಲಿಷಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಏನೋ ಕೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಕೆಲಸದ ವಿಚಾರವೇ ಇರಬೇಕೆಂದು ಕೈಮುಗಿದೆ.

"ಎಂಗೋ ಮಾಡ್ಬುಟ್ಟೆ ಸ್ವಾಮಿ. ಎಲ್ಲಾ ಇವ್ರ ಆಶೀರ್ವಾದ."

ಅಧಿಕಾರಿಗೆ ಪರಮಾನಂದವಾಯಿತು. ಡಾಕ್ಟರ ಕಡೆ ತಿರುಗಿ ಹೇಳಿದರು: "ಕನ್ನಡ ಬಹಳ ಬೇಗ ಕಲ್ತಿದ್ದಾರೆ ಕಣ್ರೀ. ಉಚ್ಚಾರಣೆ ಒಂದು ಸ್ವಲ್ಪ ತಿದ್ದಿದ್ರೆ, ನಮ್ಮೋರು ಅಂತಲೇ ಅನ್ಬೋದು."