ಇಬ್ಬರ ಸೈಕಲ್ಲಿನಲ್ಲಿ ಒಬ್ಬಳೇ

ಸೈಕಲ್ ಹೊಡೆಯುವುದರಲ್ಲಿ ನನ್ನನ್ನು ಮೀರಿಸುವ ಹುಡುಗಿ ಮೈಸೂರಿನ ಸರಸ್ವತೀಪುರದಲ್ಲಿ ಇರಲಿಲ್ಲ. ಇದು ಜಂಬದ ಮಾತಲ್ಲ, ಚರಿತ್ರೆ. ಎರಡೂ ಕೈ ಬಿಟ್ಟು, ಬಿಚ್ಚಿಹೋದ ಜಡೆ ಹೆಣೆದುಕೊಳ್ಳುತ್ತಲೇ ಕಾಲೇಜು ತಲುಪಿದವಳು ನಾನು. ಅಂಥವಳಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಫ್ರಾನ್ಸಿನ ನದೀ ಕಣಿವೆಯಲ್ಲಿ ಐದು ದಿನ ಸೈಕಲ್ ಹೊಡೆಯುವುದು ಏನು ಮಹಾ!

ಆಗ ನಾನು ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿದ್ದೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಊರಿನವರ ರಕ್ತ ಪರೀಕ್ಷಿಸುವ ಕೆಲಸ. ನನ್ನ ಯಜಮಾನರು ಶ್ರೀನಾಥ್ ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ನಡುವೆ ಐದು ಗಂಟೆಯ ಡ್ರೈವ್. ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಬಂದು, ಶನಿವಾರವೆಲ್ಲ ನಿದ್ದೆ ಮಾಡಿ, ಭಾನುವಾರ ಮೂರು ಗಂಟೆಗೆ ಮೊಸರಿನ ಡಬ್ಬಗಳಲ್ಲಿ ಸಾರು ತುಂಬಿಸಿಕೊಂಡು ಹೊರಟುಬಿಡುತ್ತಿದ್ದರು. ಮಗಳು ಕಾಲೇಜಿಗೆ ಹೋದ ಮೇಲೆ ಆ ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ನನ್ನೊಡನೆ ನಿಯಮಿತವಾಗಿ ಮಾತಾಡುತ್ತಿದ್ದದ್ದು ಸ್ಮೋಕ್ ಅಲಾರಂ ಒಂದೇ. ಅದೂ ಒಗ್ಗರಣೆ ಹಾಕಿದಾಗ.

ಮದುವೆಯಾಗಿ ಇಪ್ಪತ್ತೈದು ವರ್ಷವಾದ ಸಂದರ್ಭಕ್ಕೆ ಇವರಿಗೆ ಸರ್‌ಪ್ರೈಸ್ ಕೊಡೋಣವೆಂದು ಇಂಟರ್‌ನೆಟ್ಟಿನಲ್ಲಿ ಈ ಟೂರ್ ಹುಡುಕಿದೆ. ಲಾಟ್ ನದಿಯ ದಡ, ದ್ರಾಕ್ಷಿ ತೋಟಗಳು, ದಿನಕ್ಕೆ ಮೂವತ್ತೇ ಕಿಲೋಮೀಟರ್, ಟ್ರಾಫಿಕ್ ಎಂಬುದೇ ಇಲ್ಲದ ರಸ್ತೆ. ಪೆಟ್ಟಿಗೆಗಳನ್ನು ಅವರೇ ವ್ಯಾನಿನಲ್ಲಿ ಮುಂದಿನ ಹೋಟೆಲಿಗೆ ಸಾಗಿಸುತ್ತಾರೆ. ಫಾರ್ಮಿನಲ್ಲಿ 'ಸಿಂಗಲ್', 'ಟ್ಯಾಂಡಮ್' ಎಂಬ ಎರಡು ಚೌಕಗಳಿದ್ದವು. ಒಂಟಿಯಾಗಿ ಬರುವವರು ಸಿಂಗಲ್, ಜೋಡಿಯಾಗಿ ಬರುವವರು ಟ್ಯಾಂಡಮ್! ಇಷ್ಟೂ ತಿಳಿಯದೆ ಅಮೆರಿಕದಲ್ಲಿ ಇಪ್ಪತ್ತು ವರ್ಷ ಇದ್ದೇನೆಯೇ? ಟ್ಯಾಂಡಮ್‌ಗೆ ಟಿಕ್ ಹಾಕಿದೆ. ರಜೆ ಹಾಕಿಸಬೇಕಾದ್ದರಿಂದ ಇವರಿಗೆ ಮೊದಲೇ ಹೇಳಲೇಬೇಕಾಯಿತು.

ಹೊರಡಲು ಮೂರು ವಾರವಿದ್ದಾಗ ಇವರ ಫೋನು ಬಂತು.

"ಲಲಿತಾ, ಹೊಸ ಮಾಡೆಲ್ ಲಾಂಚ್ ನಮ್ಮ ಟೂರಿನ ವಾರಕ್ಕೇ ಬಂದುಬಿಟ್ಟಿದೆ ಕಣೇ. ಆ ವಾರ ಪ್ಲಾಂಟ್ ಬಿಟ್ಟು ಅಲ್ಲಾಡೋ ಹಾಗಿಲ್ಲ."

ನನಗೆ ಸಿಟ್ಟು ಬಂತು. "ಹಾಗಾದ್ರೆ ನಾನೊಬ್ಬಳೇ ಹೋಗ್ತೀನಿ ರೀ" ಎಂದೆ. ಈ ವಾಕ್ಯಕ್ಕೆ ಸಂಸಾರಸ್ಥ ಗಂಡಸರು ಕೊಡಬೇಕಾದ ಉತ್ತರ ಯಾವುದೆಂದು ಎಲ್ಲರಿಗೂ ಗೊತ್ತು.

"ಹೋಗ್ಬಾ. ನಿಂಗೂ ಒಂದು ಚೇಂಜ್ ಆಗತ್ತೆ" ಎಂದರು.

ಮಾತು ಬಾಯಿಂದ ಹೊರಬಿದ್ದಿತ್ತು. ಹೋಗಲೇಬೇಕಾಯಿತು.

ನಮ್ಮ ಬಡಾವಣೆಯಲ್ಲಿ ಅಭ್ಯಾಸ ಆರಂಭಿಸಿದೆ. ಅಲ್ಲಿ ದೊಡ್ಡವರು ಸೈಕಲ್ ಹೊಡೆದರೆ ಕಾರು ಕೆಟ್ಟಿದೆ ಎಂದು ಅರ್ಥ. ಮೊದಲ ದಿನವೇ ಮೂರು ಜನ ಕಾರು ನಿಲ್ಲಿಸಿ "ಎಲ್ಲಾದರೂ ಬಿಡಬೇಕೇ?" ಎಂದು ಕೇಳಿದರು. ಮೂರನೆಯವರ ಕಡೆ ತಿರುಗಿ ಥ್ಯಾಂಕ್ಸ್ ಹೇಳುವಾಗ ಅವರದೇ ಅಂಚೆ ಪೆಟ್ಟಿಗೆಗೆ ಗುದ್ದಿದೆ. ಅದೇನೂ ನನ್ನ ಆತ್ಮವಿಶ್ವಾಸವನ್ನು ಕುಂದಿಸಲಿಲ್ಲ. ಎಷ್ಟು ದೂರ ಹೋದೆನೆಂದು ತೋರಿಸುವ ಪುಟ್ಟ ಮೀಟರೊಂದನ್ನು ಕೊಂಡು, ಅದನ್ನೂ ಜೊತೆಗೆ ಕಟ್ಟಿಕೊಂಡು ವಿಮಾನ ಹತ್ತಿದೆ.

ಫ್ರಾನ್ಸಿನಲ್ಲಿ ಸೈಕಲ್ ಕೊಡುವವನ ಹೆಸರು ಪಾಸ್ಕಲ್. ಚೂರುಪಾರು ಇಂಗ್ಲಿಷ್ ಬರುತ್ತಿತ್ತು. ನನ್ನ ಹೆಸರು ಕೇಳಿದವನೇ ಒಳಗಿನಿಂದ ಒಂದು ಸೈಕಲ್ ತಳ್ಳಿಕೊಂಡು ಬಂದ. ತಳ್ಳಿದ, ತಳ್ಳಿದ, ತಳ್ಳುತ್ತಲೇ ಇದ್ದ. ಆ ಸೈಕಲ್ ಮುಗಿಯುತ್ತಲೇ ಇರಲಿಲ್ಲ! ಎರಡು ಸೀಟು, ಎರಡು ಹ್ಯಾಂಡಲ್, ಎರಡು ಜೊತೆ ಪೆಡಲ್. ಟ್ಯಾಂಡಮ್ ಎಂದರೆ ಇದು!

"ಇನ್ನೊಬ್ಬರು?" ಎಂದ.

"ಬಂದಿಲ್ಲ."

"ಯಾವಾಗ ಬರ್ತಾರೆ?"

"ಬರೋದಿಲ್ಲ."

ಪಾಸ್ಕಲ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದ. ನಾನು ಗಾಬರಿಯಾಗಿ, "ಅಯ್ಯೋ, ಹಾಗಲ್ಲ! ಚೆನ್ನಾಗಿದ್ದಾರೆ. ಡೆಟ್ರಾಯಿಟ್‌ನಲ್ಲಿದ್ದಾರೆ" ಎಂದೆ. ಅವನ ಮುಖ ಇನ್ನಷ್ಟು ಸಣ್ಣದಾಯಿತು.

ಒಂಟಿ ಸೈಕಲ್‌ಗಳೆಲ್ಲ ಹೊರಗೆ ಹೋಗಿದ್ದವು. ಒಂದನ್ನು ಹೇಗಾದರೂ ಹೊಂದಿಸಿ ಮರುದಿನ ಬೆಳಿಗ್ಗೆಯ ಹೊತ್ತಿಗೆ ಹೋಟೆಲಿಗೆ ಕಳಿಸುತ್ತೇನೆ, ಇವತ್ತೊಂದು ದಿನ ವ್ಯಾನಿನಲ್ಲೇ ಬನ್ನಿ ಎಂದ. ವ್ಯಾನಿನಲ್ಲಿ? ಸರಸ್ವತೀಪುರದ ಲಲಿತೆಯೇ? "ಇದನ್ನೇ ಹೊಡೀತೀನಿ" ಎಂದೆ. ಅವನು ನನ್ನ ಮೀಟರ್ ಕಟ್ಟಿಕೊಟ್ಟು, ದಾರಿ ಬರೆದ ಕಾಗದ ಕೈಗಿತ್ತು, ಮತ್ತೊಮ್ಮೆ ಟೋಪಿ ತೆಗೆದ.

ಡಬಲ್ ಸೈಕಲ್ಲನ್ನು ಒಬ್ಬರೇ ಓಡಿಸುವುದು ಅಸಾಧ್ಯವೇನಲ್ಲ. ತಿರುಗಿಸುವುದು ಮಾತ್ರ ಅಸಾಧ್ಯ. ಮುಂದಿನ ಅರ್ಧ ನನ್ನ ಮಾತು ಕೇಳುತ್ತಿತ್ತು. ಹಿಂದಿನ ಅರ್ಧಕ್ಕೆ ಸ್ವಂತ ಅಭಿಪ್ರಾಯಗಳಿದ್ದವು.

ಕಾಗದದಲ್ಲಿ 'ನಾಲ್ಕು: ಸೇತುವೆ, ಎಡಕ್ಕೆ' ಎಂದಿತ್ತು. ಸ್ವಲ್ಪ ಹೊತ್ತಿಗೆ ಸೇತುವೆಯೊಂದು ಸಿಕ್ಕಿತು. ಮೀಟರ್ ನೋಡಿದೆ. ಎರಡೂವರೆ! ಹಾಗಾದರೆ ಇದು ಬೇರೆ ಸೇತುವೆ. ಮುಂದೆ ಹೋದೆ. ನಾಲ್ಕಕ್ಕೆ ಸೇತುವೆ ಇರಲಿಲ್ಲ, ಆದರೆ ಎಡಕ್ಕೆ ಒಂದು ದಾರಿ ಇತ್ತು. ಸೇತುವೆ ಬಿದ್ದುಹೋಗಿರಬೇಕು, ಪಾಪ ಹಳೆಯ ದೇಶ, ಎಂದುಕೊಂಡು ತಿರುಗಿದೆ. ದಿನಕ್ಕೆ ನೂರು ಸಲ ಮಿಲಿಗ್ರಾಂ, ಡೆಸಿಲೀಟರ್ ಎಂದು ಅಳೆಯುವ ಈ ತಲೆಗೆ, ಕಾಗದ ಕಿಲೋಮೀಟರಿನಲ್ಲಿದೆ, ಅಮೆರಿಕದಿಂದ ತಂದ ಮೀಟರ್ ಮೈಲಿಯಲ್ಲಿದೆ ಎಂಬುದು ಹೊಳೆಯಲಿಲ್ಲ.

ದಾರಿ ಗುಡ್ಡ ಹತ್ತಿತು. ಎರಡೂ ಕಡೆ ದ್ರಾಕ್ಷಿ ಸಾಲುಗಳು. ಕೆಳಗೆ ಹಸಿರು ನೀರಿನ ನದಿ ಸುತ್ತಿ ಬಳಸಿ ಹೋಗುತ್ತಿತ್ತು. ಎಂಥ ಚೆಂದ! "ರೀ, ಇಲ್ನೋಡಿ" ಎಂದೆ. ಹೇಳಿದ ಮೇಲೆ ಹಿಂತಿರುಗಿ ನೋಡಿದೆ. ಖಾಲಿ ಸೀಟು ಬಿಸಿಲಿಗೆ ಹೊಳೆಯುತ್ತಿತ್ತು.

ಟ್ರಾಫಿಕ್ ಇಲ್ಲದ ರಸ್ತೆ ಎಂದರೇನೆಂದು ಆಮೇಲೆ ಅರ್ಥವಾಯಿತು. ದಾರಿ ಕೇಳಲು ನರಪಿಳ್ಳೆಯೂ ಇಲ್ಲ. ಎರಡು ಗಂಟೆಯಲ್ಲಿ ಸಿಕ್ಕಿದ್ದು ಟ್ರ್ಯಾಕ್ಟರಿನ ಒಬ್ಬ ಅಜ್ಜ. ನನ್ನ ಹಿಂದಕ್ಕೆ ಬೆರಳು ತೋರಿಸಿ ಏನೋ ಕೂಗಿದ. ಪಂಕ್ಚರ್ ಎಂದು ಇಳಿದು ಹಿಂದಿನ ಚಕ್ರ ಒತ್ತಿ ನೋಡಿದೆ. ಸರಿಯಾಗಿತ್ತು. ಆಮೇಲೆ ಅಂಚೆ ಹಂಚುವವಳೂ ಹಾಗೇ ಕೂಗಿ ಹೋದಳು. ಮತ್ತೆ ಇಳಿದೆ, ಮತ್ತೆ ಒತ್ತಿದೆ. ಇನ್ನೊಬ್ಬರನ್ನು ಎಲ್ಲಿ ಬೀಳಿಸಿ ಬಂದೆ ಎಂದು ಅವರು ಕೇಳುತ್ತಿದ್ದರೆಂದು ಸಂಜೆ ಹೋಟೆಲಿನಲ್ಲಿ ತಿಳಿಯಿತು. ನಾನು ಇಬ್ಬರಿಗೂ ನಗುತ್ತಾ ಕೈಬೀಸಿದ್ದೆ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ರಸ್ತೆ ಒಂದು ಮನೆಯ ಅಂಗಳದಲ್ಲಿ ಹೋಗಿ ನಿಂತುಬಿಟ್ಟಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮೆಟ್ಟಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದರು. ಹಗ್ಗದ ಮೇಲೆ ಒಬ್ಬರ ಬಟ್ಟೆ, ಮೇಜಿನ ಮೇಲೆ ಒಂದೇ ಲೋಟ. ಹೋಟೆಲಿನ ಹೆಸರು ತೋರಿಸಿದೆ. ಅವರು ಕಾಗದ ನೋಡಿದರು, ಸೈಕಲ್ ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋಗಿ ನೇರಳೆ ಬಣ್ಣದ ಪಾನೀಯ ತಂದುಕೊಟ್ಟರು. ದ್ರಾಕ್ಷಿ ಜ್ಯೂಸು ಎಂದು ಒಂದೇ ಗುಟುಕಿಗೆ ಕುಡಿದೆ. ಜ್ಯೂಸಲ್ಲ!

ನಾನು ಕೆಮ್ಮಿ ಮುಗಿಸುವಷ್ಟರಲ್ಲಿ ಅಜ್ಜಿ ತಲೆಗೆ ಸ್ಕಾರ್ಫ್ ಕಟ್ಟಿ, ಕೈಚೀಲ ಹೆಗಲಿಗೇರಿಸಿ, ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು. "ಅಲೇ!" ಎಂದರು. ಹೊರಡು ಎಂದಿರಬೇಕು. ಹೊರಟೆ.

ಎಡಕ್ಕೆ ತಿರುಗಬೇಕಾದರೆ ಎಡ ಭುಜ ತಟ್ಟುತ್ತಿದ್ದರು, ಬಲಕ್ಕಾದರೆ ಬಲ ಭುಜ. ಸೈಕಲ್ ಮೊದಲ ಸಲ ನೆಟ್ಟಗೆ ಹೋಯಿತು. ಆ ಲೋಟದ ಮಹಿಮೆಯೋ, ಬೆನ್ನ ಹಿಂದೆ ಒಂದು ಜೀವವಿದೆ ಎಂಬ ಧೈರ್ಯವೋ, ನಾನು ಮಾತಾಡತೊಡಗಿದೆ. ಕನ್ನಡದಲ್ಲಿ. "ನೋಡಿ ಅಜ್ಜಿ, ಒಬ್ಬಳೇ ಹೋಗ್ತೀನಿ ಅಂದ್ರೆ ಹೋಗ್ಬಾ ಅಂದ್ಬಿಡೋದಾ? ಶನಿವಾರ ಇಡೀ ಮಲಗಿರ್ತಾರೆ, ಎಬ್ಬಿಸೋಕೂ ಮನಸ್ಸು ಬರಲ್ಲ. ಒಬ್ಬಳಿಗೆ ಅಂತ ಹುಳಿ ಮಾಡೋಕೆ ಕೈ ಏಳಲ್ಲ ಅಜ್ಜಿ. ವಾರವೆಲ್ಲ ಮೊಸರನ್ನ." ಅಜ್ಜಿ "ವಿ, ವಿ", ಹೌದು ಹೌದು, ಎನ್ನುತ್ತಿದ್ದರು. ಇಳಿಜಾರಿನಲ್ಲಿ ಇಬ್ಬರೂ ಕಿರುಚಿದೆವು. ಯಾವ ಕಾರಣಕ್ಕೋ ನನಗೆ ಅಳು ಬಂತು. ಗಾಳಿಗೆ ಕಣ್ಣೀರು ಹಿಂದಕ್ಕೆ ಹಾರಿ ಅಜ್ಜಿಯ ಮೇಲೇ ಬಿದ್ದಿರಬೇಕು. ಅವರು ಎರಡೂ ಭುಜಗಳನ್ನು ಒಟ್ಟಿಗೆ ತಟ್ಟಿದರು. ಯಾವ ಕಡೆಗೆಂದು ತಿಳಿಯದೆ ಸೀದಾ ಚರಂಡಿಗೆ ಇಳಿಸಿದೆ.

ಪೆಟ್ಟೇನೂ ಆಗಲಿಲ್ಲ. ಹುಲ್ಲು ಕೊಡವಿಕೊಂಡು ಮತ್ತೆ ಹತ್ತಿ, ಸಂಜೆ ಆರೂವರೆಗೆ ಹೋಟೆಲ್ ಮುಟ್ಟಿದೆವು. ಇಂಗ್ಲಿಷ್ ಬಲ್ಲ ಹೋಟೆಲಿನಾಕೆ ಅಜ್ಜಿಯ ಮಾತು ಕೇಳಿ ನನಗೆ ತಿಳಿಸಿದಳು: "ಗಂಡ ಹೋದ ಮೇಲೆ ಇಷ್ಟು ಹೊತ್ತು ಯಾರೂ ಇವರ ಜೊತೆ ಮಾತಾಡಿರಲಿಲ್ಲವಂತೆ. ಒಂದಕ್ಷರವೂ ತಿಳಿಯಲಿಲ್ಲವಂತೆ. ಆದರೆ ನಿಮ್ಮದು ನ್ಯಾಯವಂತೆ."

ನಾನು ಅಜ್ಜಿಯ ಕೈ ಹಿಡಿದುಕೊಂಡೆ.

"ಇನ್ನೊಂದು ಹೇಳ್ತಿದ್ದಾರೆ. ಏರು ಬಂದಾಗೆಲ್ಲ ನೀವು ಮಾತಾಡ್ತಾ ಪೆಡಲ್ ತುಳಿಯೋದು ಮರೆತುಬಿಡ್ತಿದ್ರಂತೆ. ಮಂಡಿ ನೋಯ್ತಿದೆಯಂತೆ."

ಹೋಟೆಲಿನಾಕೆಯ ಗಂಡ ಅಜ್ಜಿಯನ್ನು ವ್ಯಾನಿನಲ್ಲಿ ಮನೆಗೆ ಬಿಡಲು ಹೊರಟ. ಅವರು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ಹೆಸರು ಕೇಳಲು ನೆನಪಾದದ್ದು ವ್ಯಾನು ತಿರುವು ದಾಟಿದ ಮೇಲೆ.

ಇವರಿಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯಿಂದ ಪ್ಲಾಂಟಿನ ಸದ್ದು ಕೇಳುತ್ತಿತ್ತು.

"ನಿನ್ನ ಮೀಟರ್ ಮೈಲಿಲಿತ್ತಾ?" ಎಂದರು.

ಇಪ್ಪತ್ತೈದು ವರ್ಷದ ದಾಂಪತ್ಯ! ಕಣ್ಣೀರು, ಅಜ್ಜಿ, ಚರಂಡಿ ಎಲ್ಲ ಬಿಟ್ಟು ಹಿಡಿದದ್ದು ಇದೊಂದನ್ನು. "ಇಲ್ಲಪ್ಪ" ಎಂದು ಫೋನ್ ಇಟ್ಟು, ಹೋಗಿ ನೋಡಿದೆ. ಮೈಲಿಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಒಂಟಿ ಸೈಕಲ್ ಬಂತು, ಡಬಲ್ ಸೈಕಲ್ ವ್ಯಾನು ಹತ್ತಿ ಹೋಯಿತು. ಮೀಟರನ್ನು ಕಿಲೋಮೀಟರಿಗೆ ಬದಲಿಸಿದೆ. ಅಲ್ಲಿಂದ ಮೂರು ದಿನ ಒಂದು ತಿರುವೂ ತಪ್ಪಲಿಲ್ಲ. ಸೇತುವೆಗಳು ಹೇಳಿದ ಜಾಗದಲ್ಲೇ ಇದ್ದವು. ಟ್ರ್ಯಾಕ್ಟರಿನವರು ನನ್ನತ್ತ ಬೆರಳು ತೋರಿಸಲಿಲ್ಲ, ಕೂಗಲಿಲ್ಲ, ನೋಡಲೂ ಇಲ್ಲ. ಎರಡು ಗಂಟೆಗೆಲ್ಲ ಹೋಟೆಲ್ ತಲುಪಿ ನದಿಯನ್ನು ನೋಡುತ್ತಾ ಕೂರುತ್ತಿದ್ದೆ. ನದಿ ಚೆನ್ನಾಗಿತ್ತು.

"ಇವತ್ತೇನಾಯ್ತು?" ಎಂದು ಫೋನಿನಲ್ಲಿ ಇವರು ಕೇಳುತ್ತಿದ್ದರು.

"ಏನೂ ಆಗ್ಲಿಲ್ಲ."

"ಗುಡ್. ಅದೇ ಬೇಕಾಗಿರೋದು."

ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಕಾಗದದಲ್ಲಿ 'ಒಂಬತ್ತು: ಬಲಕ್ಕೆ' ಎಂದಿತ್ತು. ಮೀಟರ್ ಸರಿಯಾಗಿ ಒಂಬತ್ತು ತೋರಿಸಿತು. ಆಚೆ ಈಚೆ ನೋಡಿ, ಬೇಕೆಂದೇ ಎಡಕ್ಕೆ ತಿರುಗಿದೆ. ಇನ್ನು ದಾರಿ ತಪ್ಪುತ್ತದೆ, ಯಾವುದಾದರೂ ಅಂಗಳ ಸಿಗುತ್ತದೆ, ಯಾರಾದರೂ ಬೀನ್ಸ್ ಬಿಡಿಸುತ್ತಾ ಕೂತಿರುತ್ತಾರೆ! ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾ ಜೋರಾಗಿ ತುಳಿದೆ. ಏರಿನಲ್ಲಿ ಕೂಡ ತುಳಿದೆ.

ಅದು ಶಾರ್ಟ್‌ಕಟ್ಟು. ಹನ್ನೊಂದೂ ಮುಕ್ಕಾಲಿಗೆ ಹೋಟೆಲ್ ಬಾಗಿಲಲ್ಲಿದ್ದೆ. ಇಷ್ಟು ಬೇಗ ಯಾರೂ ಬಂದಿರಲಿಲ್ಲವೆಂದು ಅಲ್ಲಿನವರು ಚಪ್ಪಾಳೆ ತಟ್ಟಿದರು. ರೂಮು ಸಿಗಲು ಮೂರು ಗಂಟೆಯಾಗುತ್ತದೆ, ಅಲ್ಲಿಯವರೆಗೆ ಹೊರಗೆ ಕೂತಿರಿ ಎಂದು ಒಂದು ಕುರ್ಚಿ ಹಾಕಿಕೊಟ್ಟರು.

ಕೂತುಕೊಂಡೆ.