ಯಡಿಯೂರು ಕೆರೇಲಿ ಹಸೆಮಣೆ

ಇಡೀ ಜಯನಗರದಲ್ಲಿ ದೋಣಿ ಮೋಟರ್ ವಿಷಯ ಗೊತ್ತಿರೋನು ನಾನೊಬ್ಬನೇ ಅಂತ ಎಂಬತ್ತೆರಡನೇ ಇಸವೀಲಿ ನನಗೆ ಖಾತ್ರಿಯಾಯ್ತು. ಯಾಕೆ ಅಂದ್ರೆ ಬೇರೆ ಯಾರೂ ಅದನ್ನ ಕೇಳಿರ್ಲೂ ಇಲ್ಲ! ಮೋಟರ್ ನನ್ನದೂ ಅಲ್ಲ ಅನ್ನಿ, ಪಕ್ಕದ ಮನೆ ಜಯಸಿಂಹನದು. ಅವನ ಭಾವಮೈದ ಮಂಗಳೂರಿಂದ ವರ್ಗ ಆಗಿ ಬರುವಾಗ ಲಾರೀಲಿ ಹಾಕ್ಕೊಂಡು ಬಂದು, ಇಡೋಕೆ ಜಾಗ ಇಲ್ದೆ ಇವನ ಕಾಂಪೌಂಡಲ್ಲಿ ನಿಲ್ಲಿಸಿ ಹೋಗಿದ್ದ. ಜಯಸಿಂಹನ ಹೆಂಡ್ತಿ ಅದರ ಮೇಲೆ ಹೀರೇಕಾಯಿ ಬಳ್ಳಿ ಹಬ್ಬಿಸಿದ್ರು. ಕಾಯಿ ಚೆನ್ನಾಗೇ ಬಿಡ್ತಿತ್ತು.

ಆ ವರ್ಷ ನಮ್ಮ ಬ್ಲಾಕಿನ ಗಣೇಶ ಆಳೆತ್ತರ. ಸಂಘದ ಅಧ್ಯಕ್ಷರು ಚನ್ನಬಸವಯ್ಯ, ಪಕ್ಕದಲ್ಲಿ ನಿಂತ್ರೆ ಯಾರಿಗೆ ಆರತಿ ಎತ್ತಬೇಕು ಅಂತ ಪುರೋಹಿತರೇ ಒಂದು ಗಳಿಗೆ ಯೋಚಿಸ್ಬೇಕು, ಅಂಥಾ ಹೊಟ್ಟೆ. ಮೀಟಿಂಗಲ್ಲಿ ನಾನು ಎದ್ದು ನಿಂತೆ. “ಬೇರೆ ಬ್ಲಾಕಿನೋರು ಕೆರೆ ಅಂಚಲ್ಲೇ ಮುಳುಗಿಸ್ಲಿ. ನಮ್ಮ ಗಣೇಶ ಯಡಿಯೂರು ಕೆರೆ ನಡುಮಧ್ಯಕ್ಕೆ ಮೋಟರ್ ಬೋಟಲ್ಲಿ ಹೋಗ್ತಾನೆ. ನಾನು ಬಿಡೋ ಸ್ಪೀಡಿಗೆ ಅವನ ಇಲಿ ಕಣ್ಣು ಮುಚ್ಕೋಬೇಕು!” ಚಪ್ಪಾಳೆಯೋ ಚಪ್ಪಾಳೆ.

ಯಡಿಯೂರಲ್ಲಿ ಒಂದು ಹಳೇ ಮರದ ದೋಣಿ ಸಿಕ್ತು. ಅದರ ಹಿಂಬದಿ ಹಲಗೆಗೆ ಮೋಟರ್ ಸಿಕ್ಕಿಸಿದ್ರೆ, ಕೆಳಗಿನ ಪ್ರೊಪೆಲ್ಲರ್ ಆಳಕ್ಕೆ ಇಳಿದು ಕೆರೆ ಕೆಸರನ್ನ ಹುಳಿ ಥರ ತಿರುವ್ತಿತ್ತು. ಮೋಟರನ್ನ ಮೇಲೆತ್ತಬೇಕು. ಎತ್ತಿದಷ್ಟೂ ಸ್ಪೀಡು ಅಂತ ಒಂದು ಫಾರಿನ್ ಮ್ಯಾಗಜೀನಲ್ಲಿ ಓದಿದ್ದೆ. ಅರ್ಧ ಪುಟ ಓದಿದ್ದೆ. ಮಿಕ್ಕರ್ಧ ಪುಟ ಹರಿದು ಬೋಂಡದೋನು ಇನ್ಯಾರಿಗೋ ಕಟ್ಟಿಕೊಟ್ಟಿದ್ದ. “ಆದರೆ” ಅನ್ನೋ ಪದ ಆ ಅರ್ಧದಲ್ಲಿತ್ತು ಅಂತ ಈಗ ಅನ್ಸುತ್ತೆ.

ಪ್ರೊಪೆಲ್ಲರ್ ಎರಡಿದ್ವು. ಒಂದು ಹಿತ್ತಾಳೇದು, ರೆಕ್ಕೆ ಅಷ್ಟಾಗಿ ತಿರುಚಿರ್ಲಿಲ್ಲ. ಭಾರ ಎಳೆಯೋಕೆ ಅಂತ ಮಾಡಿದ್ದು, ಮೆಲ್ಲಗೆ ಹೋಗುತ್ತೆ. ಇನ್ನೊಂದು ಅಲ್ಯೂಮಿನಿಯಮ್ಮು, ಪಳಪಳ ಅಂತಿತ್ತು, ರೆಕ್ಕೆ ಚೆನ್ನಾಗಿ ತಿರುಚಿತ್ತು. ಹಗುರ ದೋಣಿ ಓಡಿಸೋಕೆ, ಬರೀ ಸ್ಪೀಡು. ನಾನು ಯಾವುದನ್ನ ಆರಿಸಿರ್ತೀನಿ ಅಂತ ನೀವೇ ಹೇಳಿ! ಹಿತ್ತಾಳೇದನ್ನ ನಮ್ಮ ಮನೆಯವಳು ಚೂಡಾಮಣಿ ಎತ್ಕೊಂಡು ಹೋಗಿ ಉಪ್ಪಿನಕಾಯಿ ಜಾಡಿ ಮೇಲೆ ಭಾರಕ್ಕೆ ಇಟ್ಳು.

ಇನ್ನು ಮೋಟರ್ ಎತ್ತರಿಸೋಕೆ ಗಟ್ಟಿ ಹಲಗೆ ಬೇಕಲ್ಲ? ಮನೆಯೆಲ್ಲಾ ಹುಡುಕಿದೆ. ಅಟ್ಟದ ಮೇಲೆ ರೇಷ್ಮೆ ಪಂಚೆ ಸುತ್ತಿಟ್ಟಿದ್ದು ಕಣ್ಣಿಗೆ ಬಿತ್ತು. ಚೂಡಾಮಣಿ ತವರಿನ ಹಸೆಮಣೆ! ಬೀಟೆ ಮರ. ಅವಳಜ್ಜಿ, ಅವಳಮ್ಮ, ಇವಳು, ಎಲ್ಲರೂ ಅದೇ ಮಣೆ ಮೇಲೆ ಕೂತು ಮದುವೆ ಆದೋರು. ದೀಪಾವಳಿ ಕಳೆದ ಮೇಲೆ ಅವಳ ತಮ್ಮನ ಮಗಳು ಕೂರೋಳಿದ್ಳು. ಇಲ್ಲೇ ಶ್ರೀನಗರದಿಂದ ನಮ್ಮತ್ತೆ ವಾರಕ್ಕೊಂದು ಸಲ ಬಂದು “ಮಣೆ ಹುಷಾರಾಗಿದೆಯಾ” ಅಂತ ಕೇಳಿ ಹೋಗೋರು. ನನ್ನ ಆರೋಗ್ಯ ಯಾವತ್ತೂ ಕೇಳಿದ್ದಿಲ್ಲ.

ದೇವರ ಕೆಲಸ ಕಣೇ ಅಂತ ಗೋಗರೆದೆ.

“ಒಂದು ಮೊಳೆ ಹೊಡೀಕೂಡದು,” ಅಂದ್ಳು ಕೊನೆಗೆ.

“ಹೊಡೆಯಲ್ಲ. ಕ್ಲಾಂಪ್ ಹಾಕಿ ಬಿಗೀತೀನಿ.”

“ಹೋದ ಮಣೆ ಹೋದ ಹಾಗೇ ವಾಪಸ್ ಬರ್ಬೇಕು.”

“ಒಂದು ಗೀರು ಬಿದ್ರೆ ಈ ಜನ್ಮದಲ್ಲಿ ಸ್ಪ್ಯಾನರ್ ಮುಟ್ಟಲ್ಲ, ಸರೀನಾ?”

“ಕೇಳಿಸ್ಕೊಂಡ್ರಾ ಜಯಸಿಂಹ?” ಅಂತ ಕಾಂಪೌಂಡ್ ಆಚೆ ಕೂಗಿ ಸಾಕ್ಷಿ ಬೇರೆ ಮಾಡ್ಕೊಂಡ್ಳು.

ವಿಸರ್ಜನೆ ಹಿಂದಿನ ದಿನ ಟ್ರಯಲ್ ನಡೀತು. ಹಿಂಬದಿ ಹಲಗೆ ಮೇಲೆ ಮಣೆ ನಿಲ್ಲಿಸಿ ಬಿಗಿದು, ಮಣೆಗೆ ಮೋಟರ್ ಸಿಕ್ಕಿಸಿ, ಜಯಸಿಂಹ ನಾನು ಇಬ್ಬರೇ ಹಿಂದೆ ಕೂತ್ವಿ. ದೋಣಿ ಹೋಯ್ತು ಅಂತೀರಾ? ಹಾರ್ತು! ಕೊಕ್ಕರೆಗಳು ಪಕ್ಕದಲ್ಲೇ ಹಾರಿ ಬಂದು, ಸುಸ್ತಾಗಿ, ನಮ್ಮ ದೋಣಿ ಮೇಲೇ ಕೂತ್ವು. ಬೇಕಾದ್ರೆ ಜಯಸಿಂಹನ್ನ ಕೇಳಿ.

ವಿಸರ್ಜನೆ ದಿನ ಸಂಜೆ ಕೆರೆ ದಂಡೆ ಮೇಲೆ ಇಡೀ ಬ್ಲಾಕು. ತಮಟೆ, ಪಟಾಕಿ, ಕಡ್ಲೆಪುರಿ. ಗಣೇಶನ್ನ ದೋಣಿ ಮುಂಭಾಗಕ್ಕೆ ಏರಿಸಿದ್ರು. ಅವನನ್ನ ತಬ್ಬಿ ಹಿಡಿಯೋಕೆ ಚನ್ನಬಸವಯ್ಯನೋರೂ ಮುಂದೇ ಕೂತ್ರು. ಹಿಂದೆ ಮೋಟರ್ ಹತ್ತಿರ ಜಯಸಿಂಹ, ನಾನು. ದೋಣಿಯೊಳಗೆ ಎರಡು ಹುಟ್ಟು ಬಿದ್ದಿದ್ವು. ಮೋಟರ್ ಇರೋವಾಗ ಹುಟ್ಟು ಹಾಕೋದಾ? ವಿಮಾನದಲ್ಲಿ ಯಾರಾದ್ರೂ ರೆಕ್ಕೆ ಬಡೀತಾರಾ? ಎರಡನ್ನೂ ಎತ್ತಿ, ದಂಡೇಲಿ ನಿಂತಿದ್ದ ಚೂಡಾಮಣಿ ಕೈಗೆ ಕೊಟ್ಟೆ. “ಭಾರ ಕಮ್ಮಿ ಆದಷ್ಟೂ ಒಳ್ಳೇದು ಕಣೇ.” ಅವಳು ಗಣೇಶನ್ನ ನೋಡಿದ್ಳು, ಅಧ್ಯಕ್ಷರನ್ನ ನೋಡಿದ್ಳು, ಹುಟ್ಟುಗಳನ್ನ ಹೆಗಲಿಗೆ ಏರಿಸ್ಕೊಂಡ್ಳು.

ನಾಲ್ಕು ಜನ ನೀರಿಗಿಳಿದು ದಡದಿಂದ ದೂಡಿದ್ರು. ಹಗ್ಗ ಎಳೆದೆ. ಮೋಟರ್ ಗುರ್ ಅಂತು, ಆಮೇಲೆ ಕಿರ್ರ್ ಅಂತ ಚೀರೋಕೆ ಶುರುವಾಯ್ತು. ದೋಣಿ ಮಾತ್ರ ನಿಂತಲ್ಲೇ! ತಿರುಗಿ ನೋಡ್ತೀನಿ, ಮುಂದಿನ ಇಬ್ಬರು ಲಂಬೋದರರ ಭಾರಕ್ಕೆ ದೋಣಿ ಮೂಗು ನೀರಿಗೆ ಬಗ್ಗಿದೆ, ಹಿಂಭಾಗ ಎದ್ದಿದೆ. ನಾನು ಮೊದಲೇ ಎತ್ತರಿಸಿದ್ದ ಪ್ರೊಪೆಲ್ಲರ್ ನೀರು ಬಿಟ್ಟು ಮೇಲೆ ಬಂದು ಗಾಳೀಲಿ ತಿರುಗ್ತಿದೆ. ತಿರುಗ್ತಾ ತಿರುಗ್ತಾ ಒಂದೊಂದು ಸಲ ನೀರು ಸವರಿ, ದಂಡೆ ಮೇಲಿನ ಭಕ್ತಾದಿಗಳಿಗೆಲ್ಲಾ ಕೆರೆ ತೀರ್ಥ ಎರಚ್ತಿದೆ.

“ಅಧ್ಯಕ್ಷರೇ, ಗಣೇಶನ್ನ ಕರ್ಕೊಂಡು ಹಿಂದೆ ಬನ್ನಿ,” ಅಂದೆ.

ಅವರು ಗಣೇಶನ್ನ ತಬ್ಬಿಕೊಂಡೇ ಕೂತ ಜಾಗದಲ್ಲಿ ಹಿಂದಕ್ಕೆ ಜರುಗಿದ್ರು. ಹಿಂಭಾಗ ಇಳೀತು, ಪ್ರೊಪೆಲ್ಲರ್ ನೀರಿಗೆ ಕಚ್ತು. ಹೊರಟ್ವಿ! ಎಲ್ಲರೂ ಜೈ ಅಂದ್ರು. ಆದ್ರೆ ಸ್ಪೀಡಿನ ಪ್ರೊಪೆಲ್ಲರ್ರು, ಇಷ್ಟು ಭಾರ ಎಳೆಯುತ್ತಾ? ನಮ್ಮ ಮೂರನೇ ನಂಬರ್ ಬಸ್ಸನ್ನ ಟಾಪ್ ಗೇರಲ್ಲಿ ದಿಬ್ಬ ಹತ್ತಿಸಿದ ಹಾಗೆ ಮೋಟರ್ ನರಳ್ತು, ಕೆಮ್ಮಿತು, ಕಪ್ಪು ಹೊಗೆ ಬಿಡ್ತು. ಆದ್ರೂ ಮರ್ಯಾದೆ ಉಳಿಸೋಕೆ ಅಂತ ತೆವಳ್ಕೊಂಡು ಕೆರೆ ಮಧ್ಯಕ್ಕೆ ಬಂದು ಪ್ರಾಣ ಬಿಡ್ತು.

“ಇದೇ ಮಧ್ಯ,” ಅಂದೆ ಗಂಭೀರವಾಗಿ.

ಮಂತ್ರ ಹೇಳಿ ಗಣೇಶನ್ನ ನಿಧಾನಕ್ಕೆ ಇಳಿಸಿದ್ವಿ. ಭಾರ ಇಳೀತಲ್ಲ, ಇನ್ನು ನೋಡಿ ನನ್ನ ಸ್ಪೀಡು ಅಂತ ಹಗ್ಗ ಎಳೆದೆ. ಒಂದು ಸುತ್ತು ತಿರುಗಿ ಕಟಕ್ ಅಂತ ನಿಂತ್ಹೋಯ್ತು. ಬಗ್ಗಿ ನೋಡಿದ್ರೆ ಗಣೇಶನ ಕೊರಳಲ್ಲಿದ್ದ ಮೊಳಗಟ್ಟಲೆ ಚೆಂಡುಹೂವಿನ ಹಾರ ಪೂರ್ತಿ ಪ್ರೊಪೆಲ್ಲರಿಗೆ ಸುತ್ತಿಕೊಂಡಿದೆ. ಕೈ ಹಾಕಿ ಎಳೆದ್ರೆ ನಾರು ಇನ್ನೂ ಬಿಗಿ ಆಗುತ್ತೆ. ಸನ್ಮಾನ ಅಂದ್ರೆ ಅದು!

“ಹುಟ್ಟು ಎಲ್ಲಿ?” ಅಂತ ಕೇಳಿದ್ರು ಚನ್ನಬಸವಯ್ಯ.

ದಂಡೆ ಕಡೆ ತೋರ್ಸಿದೆ. ಅಷ್ಟು ದೂರದಲ್ಲಿ, ಎರಡು ಹುಟ್ಟು ಹೆಗಲ ಮೇಲೆ, ಗದೆ ಹೊತ್ತ ಭೀಮನ ಥರ ನಿಂತಿದ್ಳು ನನ್ನ ಧರ್ಮಪತ್ನಿ.

ಗಾಳಿ ಬೇರೆ ಎದ್ದು ದೋಣಿಯನ್ನ ಆಚೆ ದಡದ ಜೊಂಡಿನ ಕಡೆ ತಳ್ತಿತ್ತು. ಕತ್ತಲಾಗ್ತಾ ಬಂತು. ಅಧ್ಯಕ್ಷರು ಅಂಗೈಯಲ್ಲಿ ನೀರು ಎಳೆಯೋಕೆ ಬಗ್ಗಿದ್ರೆ ದೋಣಿಯೇ ವಾಲುತ್ತೆ. ಉಳಿದದ್ದು ಒಂದೇ ಹಲಗೆ. ಜಯಸಿಂಹ ನನ್ನ ಮುಖ ನೋಡ್ದ. “ಬೇಡ ಮಗಾ, ಅತ್ತಿಗೆ ಸಾಯಿಸ್ತಾರೆ,” ಅಂದ. ಮೋಟರ್ ಬಿಚ್ಚಿ ಅವನ ಮಡಿಲಿಗಿಟ್ಟೆ. ಕ್ಲಾಂಪ್ ಸಡಿಲಿಸಿದೆ. ಮೂರು ತಲೆಮಾರಿನ ಮದುವಣಗಿತ್ತಿಯರಿಗೆ ಮನಸ್ಸಲ್ಲೇ ಕೈ ಮುಗಿದು, ಹಸೆಮಣೆ ನೀರಿಗೆ ಹಾಕಿ ಎಳೆದೆ.

ದೋಣಿ ಹೊರಡ್ತು! ಚೀರಾಟ ಇಲ್ಲ, ಹೊಗೆ ಇಲ್ಲ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಎಳೀತಾ ನೆಟ್ಟಗೆ ಚೂಡಾಮಣಿ ಮುಂದೆ ಬಂದು ನಿಲ್ಲಿಸಿದೆ.

ಅವಳು ಹುಟ್ಟು ಕೆಳಗಿಟ್ಟು ಮಣೆ ಇಸ್ಕೊಂಡ್ಳು. ಸೆರಗಲ್ಲಿ ಒರೆಸಿದ್ಳು. ತಿರುಗಿಸಿ ತಿರುಗಿಸಿ ನೋಡಿದ್ಳು. ಒಂದು ಅಂಚಲ್ಲಿ ಮೋಟರ್ ತಿರುಪು ಒತ್ತಿದ ಎರಡು ದುಂಡು ಗುರುತು. ಅದನ್ನ ಬೆರಳಲ್ಲಿ ಮುಟ್ಟಿ ನೋಡಿ, ನನ್ನ ಕಡೆ ಕೈ ಚಾಚಿದ್ಳು. ಸ್ಪ್ಯಾನರ್ ಕೊಟ್ಟೆ. ಇಡೀ ಬ್ಲಾಕು ಉಸಿರು ಹಿಡ್ಕೊಂಡು ನೋಡ್ತಿತ್ತು.

ಸ್ಪ್ಯಾನರ್ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೇಳಿದ್ಳು: “ಅಂತೂ ಸರಿಯಾದ ಪ್ರೊಪೆಲ್ಲರ್ ಆರಿಸಿದ್ರಿ ಬಿಡಿ. ಅಜ್ಜಿ ಕಾಲದಿಂದ ನಮ್ಮನೆ ಗಂಡಸರನ್ನೆಲ್ಲಾ ದಡ ಸೇರಿಸಿರೋದು ಇದೇನೇ.”