ಪಾಕೀಟಿನ ಮೇಲಿನ ಕೈ

ಕ್ಯಾಮೆರಾ ಕೆಟ್ಟಿಲ್ಲ, ಹೆಂಡತಿ ರೊಟ್ಟಿ ಬಡಿಯುವ ವೇಗವೇ ಹೆಚ್ಚಾಗಿದೆ ಎಂಬುದು ಶಿದ್ರಾಮನ ವಾದ. ಮೂರು ದಿನದಿಂದ ಮೂಡಲಗಿಯ ತನ್ನ ಮನೆಯ ಅಡುಗೆ ಕೋಣೆಯಲ್ಲಿ ನಿಂತು ಅವನು ಈ ವಾದವನ್ನು ಮಂಡಿಸುತ್ತಲೇ ಇದ್ದ. ಪ್ರತಿವಾದಿಯಾದ ಶೈಲಾ ಒಲೆಯ ಮುಂದೆ ಕೂತು ಹಿಟ್ಟನ್ನೂ ಅವನ ವಾದವನ್ನೂ ಒಟ್ಟಿಗೇ ನಾದುತ್ತಿದ್ದಳು.

"ಸ್ವಲ್ಪ ಸಾವಕಾಶ ಬಡಿ ಅಂದ್ರ ನಿನಗೇನ ಕಷ್ಟ ಐತಿ?"

"ಸಾವಕಾಶ ಬಡದ್ರ ರೊಟ್ಟಿ ಹರಿತೈತ್ರಿ. ಪಾಕೀಟಿನ ಮ್ಯಾಲ ಹರದ ರೊಟ್ಟಿ ಹಾಕೂದೇನು?"

ಶಿದ್ರಾಮ ಊರಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಎತ್ತಿದ ಅತ್ಯಂತ ಭಾರದ ವಸ್ತುವೆಂದರೆ ಹಾಜರಿ ಪುಸ್ತಕ. ಎರಡು ವರ್ಷದ ಹಿಂದೆ ಕ್ಯಾಮೆರಾ ಕೊಂಡ ಮೇಲೆ ಕಾಲೇಜಿನ ಸಮಾರಂಭಗಳಿಗೆಲ್ಲ ಅವನೇ ಆಸ್ಥಾನ ಛಾಯಾಗ್ರಾಹಕನಾಗಿದ್ದ. ಅವನ ಪದ್ಧತಿ ಒಂದೇ. ವೇದಿಕೆಯಿಂದ ಎಂಟು ಫೂಟು ದೂರದಲ್ಲಿರುವ ಒಂದು ಫರಸಿ ಕಲ್ಲಿನ ಮೇಲೆ ನಿಲ್ಲುವುದು, ಗುಂಡಿ ಒತ್ತುವುದು. ಎಂಟು ಫೂಟಿನಲ್ಲಿ ಮುಖವೂ ಬರುತ್ತದೆ, ಶಾಲೂ ಬರುತ್ತದೆ, ಹಾರ ಹಾಕುವವರ ಮೊಣಕೈಯೂ ಬರುತ್ತದೆ. ಸನ್ಮಾನ ಮಾಡಿಸಿಕೊಳ್ಳುವವರು ಫೋಟೋ ಮುಗಿಯುವ ತನಕ ಉಸಿರೂ ಬಿಡುವುದಿಲ್ಲವಾದ್ದರಿಂದ (ಕೆಲವರು ಮುಗಿದ ಮೇಲೂ ಅಲ್ಲಿಂದ ಕದಲುವುದಿಲ್ಲ) ಅವನ ಫೋಟೋಗಳು ಚೊಕ್ಕವಾಗಿ ಬರುತ್ತಿದ್ದವು. ಅದರಿಂದ ಅವನಿಗೆ ತನ್ನ ಬಗ್ಗೆ ಒಂದು ಅಭಿಪ್ರಾಯ ಬಂದಿತ್ತು.

ಕಳೆದ ದಸರೆಯ ಖಂಡೇ ಪೂಜೆಗೆ ನಾಗನೂರಿನಿಂದ ಅವನ ತಾಯಿ ಉದ್ದವ್ವ ಬಂದಿದ್ದಳು. ಅಲ್ಲಿ ಹಿರಿಯ ಮಗನ ಮನೆಯಲ್ಲಿದ್ದುಕೊಂಡು ಈಗಲೂ ದಿನಾ ಕುರಿಗಳ ಹಿಂದೆ ತಿರುಗುವ ಹೆಂಗಸು ಅವಳು. ಕುಡಗೋಲು, ಬೈಕು, ಮಿಕ್ಸರ್ ಎಲ್ಲವನ್ನೂ ಸಾಲಾಗಿ ಇರಿಸಿ ಅರಿಶಿನದ ಭಂಡಾರ ಹಚ್ಚಿದಳು. ಕ್ಯಾಮೆರಾದ ಸರದಿ ಬಂದಾಗ ಸೊಂಟದ ಚೀಲದಿಂದ ತಾನೇ ನೂತ ಕರಿ ಉಣ್ಣೆಯ ದಾರ ತೆಗೆದಳು.

"ಮಂದಿ ಕಣ್ಣಿಗೆ ಕಲ್ಲ ಸೀಳತೈತಿ, ಇದು ಬರೇ ಗಾಜು ತಮ್ಮಾ," ಎಂದು ಅದರ ಮೂತಿಗೆ ಮೂರು ಸುತ್ತು ಕಟ್ಟಿದಳು. ದಾರ ಸ್ವಲ್ಪ ಸಡಿಲವಾಯಿತೆಂದು ಶಿದ್ರಾಮನೇ ಹಲ್ಲಿನಿಂದ ಕಚ್ಚಿ ಎಳೆದು ಮೇಲೆ ಇನ್ನೊಂದು ಗಂಟು ಬಿಗಿದ. ಗುಮಾಸ್ತನಾದರೂ ಕುರುಬರ ಮನೆಯ ಮಗ, ಗಂಟು ಗಟ್ಟಿಯಾಗಿಯೇ ಬಿತ್ತು. ಕ್ಯಾಮೆರಾಕ್ಕೆ ಮೀಸೆ ಬಂದಂತೆ ಕಾಣುತ್ತದೆಂದು ಶೈಲಾ ನಕ್ಕಳು. ಆಮೇಲೆ ಅದು ಎಲ್ಲರ ಕಣ್ಣಿಗೂ ರೂಢಿಯಾಯಿತು.

ಇನ್ನು ರೊಟ್ಟಿಯ ವಿಷಯ. ಶೈಲಾ ಅಧ್ಯಕ್ಷೆಯಾಗಿರುವ ಮಹಿಳಾ ಸಂಘದ ಹನ್ನೊಂದು ಮಂದಿ ಖಡಕ್ ರೊಟ್ಟಿ ಮಾಡಿ ಗೋಕಾಕ, ಹುಕ್ಕೇರಿಯ ಅಂಗಡಿಗಳಿಗೆ ಕಳಿಸುತ್ತಿದ್ದರು. ಬರಿಯ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಗಿರಾಕಿ ಕೈಗೆತ್ತಿಕೊಳ್ಳುವುದಿಲ್ಲ, ಮೇಲೊಂದು ಚಿತ್ರ ಇರಲಿ ಎಂದು ಅಂಗಡಿಯವರು ಹೇಳಿದರು. ರೊಟ್ಟಿ ಬಡಿಯುವ ಹೆಣ್ಣುಕೈಯ ಫೋಟೋ ಹಾಕುವುದೆಂದು ಸಂಘ ಠರಾವು ಮಾಡಿತು. ಫೋಟೋಕ್ಕೆ ಸ್ಟುಡಿಯೋದವನನ್ನು ಕರೆಸೋಣ ಎಂದು ಕಾರ್ಯದರ್ಶಿ ಮಾಯವ್ವ ಹೇಳಿದ್ದೇ ತಡ, ಚಹಾದ ತಾಟು ಹಿಡಿದು ಒಳಗೆ ಬಂದಿದ್ದ ಶಿದ್ರಾಮ ಮೂಗು ತೂರಿಸಿದ. "ಮನ್ಯಾಗ ಕ್ಯಾಮೆರಾ ಇಟ್ಕೊಂಡು ಊರ ಮಂದಿನ್ನ ಯಾಕ ಕರಸ್ತೀರಿ?" ಎಂದ. ಮಾಯವ್ವ ಅನುಮಾನದಿಂದ ನೋಡಿದಳು. ಆಗ ಶೈಲಾ ಹನ್ನೊಂದು ಮಂದಿಯ ಮುಂದೆ, "ನಮ್ಮ ಮನಿಯವರು ತಗೀತಾರ, ನಾ ಜವಾಬ್ದಾರಿ," ಎಂದುಬಿಟ್ಟಳು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅವಳು ಗಂಡನ ಪರವಾಗಿ ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. ಶಿದ್ರಾಮ ಚಹಾದ ತಾಟನ್ನು ಅಲ್ಲೇ ನೆಲದ ಮೇಲಿಟ್ಟ. ಈ ಮಾತು ಉಳಿಸಲೇಬೇಕೆಂದು ಅವನು ಅಲ್ಲೇ ತೀರ್ಮಾನಿಸಿದ.

ಗೋಕಾಕದ ಮುದ್ರಕ ಅಶೋಕ ಗಡುವು ಹಾಕಿದ್ದ. ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಫೋಟೋ ಬಂದರೆ ಸರಿ, ಇಲ್ಲದಿದ್ದರೆ ಲಗ್ನಪತ್ರಿಕೆಗಳ ಸುಗ್ಗಿ ಮುಗಿಯುವ ತನಕ ಪಾಕೀಟಿಗೆ ಮಶೀನು ಖಾಲಿಯಿಲ್ಲ.

ಬುಧವಾರ ಶಿದ್ರಾಮ ರಜೆ ಹಾಕಿ ಕೆಲಸ ಶುರು ಮಾಡಿದ. ಅಡುಗೆ ಕೋಣೆ ಚಿಕ್ಕದು. ನಾಲ್ಕು ಫೂಟು ದೂರದಲ್ಲಿ ಮೊಣಕಾಲೂರಿ ಕೂತು, ಶೈಲಾಳ ಕೈಗೆ ಗುರಿಯಿಟ್ಟು ಗುಂಡಿ ಒತ್ತಿದ. ಕ್ಯಾಮೆರಾ ತಾಯಿ ತಪ್ಪಿದ ಕುರಿಮರಿಯಂತೆ ಒಳಗೊಳಗೇ ಕುಂಯ್‌ಗುಟ್ಟಿತು. ಫೋಟೋ ಮಾತ್ರ ಹೊಡೆಯಲಿಲ್ಲ.

"ಅದ್ಯಾಕ ಅಳಾಕತ್ತೈತಿ?" ಎಂದಳು ಶೈಲಾ.

"ಅಳಾಕತ್ತಿಲ್ಲ, ವಿಚಾರ ಮಾಡಾಕತ್ತೈತಿ. ಆಟೋಫೋಕಸ್ ಅಂದ್ರ ಹಂಗ. ನಿನ್ನ ಕೈ ಎಲ್ಲಿ ಐತಿ ಅಂತ ಹುಡುಕತೈತಿ."

"ಕೈ ಇಲ್ಲೇ ಐತಲ್ರಿ, ಹುಡುಕೂದೇನು ಬಂತು."

ಸಂಜೆ ಅವನು ಮೊಬೈಲಿನಲ್ಲಿ ಆರು ವೀಡಿಯೋ ನೋಡಿ ಪಂಡಿತನಾದ. ಆಡುವ, ಓಡುವ ವಸ್ತುಗಳಿಗೆ ಒಮ್ಮೆ ಫೋಕಸ್ ಹಿಡಿದು ಸುಮ್ಮನಾಗುವ ಪದ್ಧತಿ ಸಾಲದು, ಬೆನ್ನು ಬಿಡದೆ ಹಿಂಬಾಲಿಸುವ ಪದ್ಧತಿ ಇಡಬೇಕು. ಶಟರಿನ ವೇಗ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಇರಬೇಕು. ಪರದೆಯ ತುಂಬ ಇರುವ ಚೌಕಗಳಲ್ಲಿ ನಡುವಿನದೊಂದನ್ನೇ ಆರಿಸಬೇಕು. ಗುರುವಾರ ಎಲ್ಲವನ್ನೂ ಹಾಗೆಯೇ ಮಾಡಿದ. ಈ ಸಲ ಕ್ಯಾಮೆರಾ ಟಕಟಕನೆ ಹೊಡೆಯಿತು. ಆದರೆ ಫೋಟೋಗಳಲ್ಲಿ ಶೈಲಾಳ ಕೈ ಇದ್ದ ಕಡೆ ಮಂಜು ಕವಿದಿತ್ತು. ಅವಳ ಹಿಂದಿನ ನೆಲುವಿನ ಮೇಲಿದ್ದ ಉಪ್ಪಿನ ಡಬ್ಬಿ ಮಾತ್ರ, ಅದರ ಮುಚ್ಚಳದ ತುಕ್ಕಿನ ಸಮೇತ, ನಿಚ್ಚಳವಾಗಿ ಬಂದಿತ್ತು. ಇಂಥ ನಾಲ್ಕು ನೂರು ಫೋಟೋಗಳಾದವು.

ಶಿದ್ರಾಮ ಸೋಲೊಪ್ಪುವ ಪೈಕಿ ಅಲ್ಲ. ಮಬ್ಬು ಬೆಳಕಿನಲ್ಲಿ ಆಟೋಫೋಕಸ್ಸಿಗೆ ಕಣ್ಣು ಕಾಣುವುದಿಲ್ಲವೆಂದು ದೊಡ್ಡ ಬಲ್ಬು ಹಾಕಿದ. ಶೈಲಾ ಬೆವರಿದಳು, ಬೆವರು ಹಿಟ್ಟಿಗೆ ಬೀಳುತ್ತದೆಂದು ಬಲ್ಬು ತೆಗೆಸಿದಳು. ಹಿಟ್ಟಿನ ಧೂಳು ಗಾಜಿಗೆ ಕೂತಿದೆಯೆಂದು ಅವಳದೇ ರೇಷ್ಮೆ ಸೀರೆಯ ಸೆರಗಿನಿಂದ ಒರೆಸಿದ. ಅದಕ್ಕೆ ಸಿಕ್ಕ ಬಹುಮಾನವನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ವೈಜ್ಞಾನಿಕ ಪರೀಕ್ಷೆಗೆ ಇಳಿದ. ಶೈಲಾಳನ್ನು ಪಡಸಾಲೆಯ ಬಾಗಿಲಲ್ಲಿ ಅಲುಗಾಡದಂತೆ ನಿಲ್ಲಿಸಿ, ತನ್ನ ರೂಢಿಯ ಎಂಟು ಫೂಟು ದೂರ ಹೋಗಿ ಹೊಡೆದ. ಅವಳ ಹುಬ್ಬಿನ ಕೂದಲನ್ನು ಎಣಿಸಬಹುದಿತ್ತು.

"ನೋಡು," ಎಂದ ವಿಜಯೋತ್ಸಾಹದಿಂದ. "ನಿಂತ್ರ ಬರ್ತೀ, ಕೆಲಸ ಮಾಡಿದ್ರ ಬರೂದಿಲ್ಲ. ತಪ್ಪು ನಿಂದ."

"ಈ ಮನ್ಯಾಗ ನಾ ನಿಂತ್ರ ನೀವೂ ಉಪಾಸ, ಕ್ಯಾಮೆರಾನೂ ಉಪಾಸ," ಎಂದು ಶೈಲಾ ಒಳಗೆ ಹೋದಳು. ಹೋಗುವಾಗ ಅವಳ ಮುಖ ಸಣ್ಣದಾಗಿತ್ತು. ಸಭೆಯಲ್ಲಿ ಆಡಿದ ಮಾತು ಅವಳಿಗೆ ನೆನಪಾಗಿರಬೇಕು. ಶಿದ್ರಾಮನಿಗೂ ಆ ರಾತ್ರಿ ಊಟ ರುಚಿಸಲಿಲ್ಲ. ಶುಕ್ರವಾರವೂ ಉಪ್ಪಿನ ಡಬ್ಬಿಯದೇ ಮೆರವಣಿಗೆಯಾಯಿತು.

ಶನಿವಾರ ಹನ್ನೊಂದಕ್ಕೆ ಮಾಯವ್ವ ಬಂದಳು. ಬಗಲಲ್ಲಿ ಸಂಘದ ವಹಿ ಇತ್ತು. ಫೋಟೋದಲ್ಲಿ ಕೈ ತುಂಬ ಕಾಣಲಿ ಎಂದು ಹಸಿರು ಗಾಜಿನ ಬಳೆಗಳ ಒಂದು ಕಟ್ಟನ್ನೂ ಶೈಲಾಳಿಗೆಂದು ತಂದಿದ್ದಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಇಪ್ಪತ್ತು ಫೋಟೋ ನೋಡಿ ಕನ್ನಡಕ ತೆಗೆದಳು.

"ಅಣ್ಣಾರ, ನಾವು ರೊಟ್ಟಿ ಮಾರತೇವೋ ಉಪ್ಪು ಮಾರತೇವೋ?"

"ಇದು ತಾಂತ್ರಿಕ ವಿಷಯ ಮಾಯವ್ವ. ವೇಗವಾಗಿ ಚಲಿಸೂ ವಸ್ತು..."

"ಸ್ಟುಡಿಯೋದವ ಕೋಳಿ ಓಡೂದನ್ನೂ ತಗದಾನ್ರಿ. ಶೈಲಾ ಏನ್ ಕೋಳಿಗಿಂತ ಜೋರ ಓಡ್ತಾಳನು?"

ಶೈಲಾ ಹಿಟ್ಟಿನ ಕಡೆ ಮುಖ ತಿರುಗಿಸಿ ಇನ್ನೊಂದು ಉಂಡೆ ತೆಗೆದುಕೊಂಡಳು. ಅದೇ ಶಿದ್ರಾಮನಿಗೆ ಚುಚ್ಚಿತು. ಹನ್ನೆರಡೂವರೆಯ ತನಕ ಅವನು ಮಲಗಿ ಹೊಡೆದ, ಸ್ಟೂಲಿನ ಮೇಲೆ ಹತ್ತಿ ಹೊಡೆದ, ಒಮ್ಮೆ ಕಣ್ಣು ಮುಚ್ಚಿ ದೇವರ ಮೇಲೆ ಭಾರ ಹಾಕಿಯೂ ಹೊಡೆದ. ಹಿಟ್ಟು ತೀರುತ್ತ ಬಂತು. ಒಂದೇ ಒಂದು ಉಂಡೆ ಉಳಿಯಿತು. ಅವನ ತಾಳ್ಮೆಯೂ ಆ ಹೊತ್ತಿಗೆ ತೀರಿತ್ತು.

"ಅಷ್ಟು ಹಗರಾಗಿ ನೋಡಬ್ಯಾಡ್ರಿ ಇದನ್ನ. ತಗೋ, ನೀನ ತಗಿ ನೋಡೋಣ," ಎಂದು ಕ್ಯಾಮೆರಾವನ್ನು ಹೆಂಡತಿಯ ಕಡೆ ಚಾಚಿದ.

"ತಗೀತೇನಿ," ಎಂದು ಶೈಲಾ ಎದ್ದಳು. "ನೀವು ಬಡೀರಿ. ಸಾವಕಾಶ ಬಡಿಯೂದು ಹೆಂಗಂತ ನಮಗೂ ತಿಳೀಲಿ."

ಮಾತು ಹೊರಬಿದ್ದಿತ್ತು, ನುಂಗುವಂತಿರಲಿಲ್ಲ. ಶಿದ್ರಾಮ ಅಂಗಿಯ ತೋಳು ಮಡಚಿ ಕೂತ. "ಬಳಿ ಇಲ್ಲದಿದ್ರ ಕೈ ಹೆಂಗ ಬರತೈತಂತ ತಿಳಿಯೂದಿಲ್ಲ, ಟ್ರಾಯಲ್ ಅಷ್ಟ," ಎಂದು ಮಾಯವ್ವ ಗಡಿಬಿಡಿಯಲ್ಲಿ ಕಟ್ಟಿನಲ್ಲೇ ಉಳಿದಿದ್ದ ಆ ಹಸಿರು ಬಳೆಗಳನ್ನು ಅವನ ಕೈಗೆ ಏರಿಸಿದಳು. ಇಪ್ಪತ್ತು ವರ್ಷ ಪೆನ್ನು ಬಿಟ್ಟು ಬೇರೇನೂ ಹಿಡಿಯದ ಕೈ ಅದು, ಎಣ್ಣೆ ಹಚ್ಚದೆಯೇ ಬಳೆ ಸರಾಗವಾಗಿ ಏರಿದವು. ಮಾಯವ್ವನಿಗೇ ಆಶ್ಚರ್ಯವಾಯಿತು.

ಶೈಲಾ ಕ್ಯಾಮೆರಾ ಹಿಡಿದಳು. ಅವಳ ಬೆರಳಿಗೆ ಆ ಉಣ್ಣೆಯ ಗಂಟು ತೊಡರಿತು.

"ಇದ ಒಂದು ನಡುವ ಬರತೈತಿ," ಎಂದು, ಗಂಡ ಬಾಯಿ ತೆರೆಯುವಷ್ಟರಲ್ಲಿ ಕುಡಗೋಲಿನ ಮೊನೆಯಿಂದ ಗಂಟನ್ನು ಕತ್ತರಿಸಿದಳು. ದಾರವನ್ನು ಕಣ್ಣಿಗೆ ಒತ್ತಿಕೊಂಡು ಕ್ಯಾಮೆರಾದ ಹೆಗಲ ಪಟ್ಟಿಗೆ ಕಟ್ಟಿದಳು. ಗುಂಡಿ ಒತ್ತಿದಳು. ಮೂರು ದಿನ ಕುಂಯ್‌ಗುಟ್ಟಿದ ಕ್ಯಾಮೆರಾದ ಮೂತಿ ಒಮ್ಮೆ ಸರ್ರನೆ ತಿರುಗಿತು, ಟಕ್ಕೆಂದಿತು.

ಪರದೆಯಲ್ಲಿ ಎರಡು ಕೈಗಳಿದ್ದವು. ಬೆರಳ ಗೆರೆ ಗೆರೆಯೂ ಕಾಣುತ್ತಿತ್ತು. ಹಸಿರು ಬಳೆಯ ಮೇಲೆ ಹಿಟ್ಟಿನ ಕಣ ಕೂತದ್ದೂ ಕಾಣುತ್ತಿತ್ತು. ಉಪ್ಪಿನ ಡಬ್ಬಿ ಎಲ್ಲೋ ಹಿಂದೆ ಮಂಜಾಗಿತ್ತು.

ಶಿದ್ರಾಮ ಹಿಟ್ಟಿನ ಕೈಯಲ್ಲೇ ಕ್ಯಾಮೆರಾ ಕಿತ್ತುಕೊಂಡು ನೋಡಿದ. ಫೋಕಸ್ಸಿಗಾಗಿ ತಿರುಗಬೇಕಾದ ಬಳೆಯಂಥ ಪಟ್ಟಿಯ ಮೇಲೇ, ಅದು ಅಲುಗದಂತೆ ದಾರ ಬಿಗಿದಿದ್ದ ಗುರುತಿತ್ತು. ದಸರೆಯಿಂದ ಈಚೆಗೆ ಆ ಕ್ಯಾಮೆರಾ ಎಂಟು ಫೂಟು ಬಿಟ್ಟು ಆಚೆ ಈಚೆ ನೋಡಿರಲೇ ಇಲ್ಲ. ಕಾಲೇಜಿನ ಗಣ್ಯರು ಎಂಟು ಫೂಟಿಗೆ ನಿಂತಿದ್ದರು, ಉಪ್ಪಿನ ಡಬ್ಬಿಯೂ ಎಂಟು ಫೂಟಿಗೇ ಇತ್ತು.

"ಕಾಲ ಕಟ್ಟಿ ಓಡು ಅಂದಂಗಾತಲ್ರಿ," ಎಂದಳು ಶೈಲಾ. "ಆ ಮ್ಯಾಲಿನ ಗಂಟು ಯಾರು ಹಾಕಿದ್ರು?"

ಶಿದ್ರಾಮನಿಗೆ ತನ್ನ ಹಲ್ಲು ನೆನಪಾಯಿತು. "ಇರ್ಲಿ, ಈಗ ನೀ ಕೂಡು, ನಿನ್ನ ಕೈದ ತಗೀತೇನಿ," ಎಂದ.

"ಹಿಟ್ಟೆಲ್ಲೈತ್ರಿ?" ಉಳಿದ ಒಂದು ಉಂಡೆ ಅವನ ಹೊಡೆತಕ್ಕೆ ಹಲಗೆಯ ಮೇಲೆ ಅಂಟಿಕೊಂಡು ಕೂತಿತ್ತು. ಗಂಟೆ ಒಂದಕ್ಕೆ ಐದು ನಿಮಿಷ ಬಾಕಿ. ಅಷ್ಟರಲ್ಲಿ ಅಶೋಕನ ಫೋನು ಬಂತು. "ಅಕ್ಕಾರ, ಈಗ ಕಳಸ್ರಿ, ಇಲ್ಲಾಂದ್ರ ಲಗ್ನದ ಕೆಲಸ ಹಚ್ಚತೇನಿ."

ಮಾಯವ್ವ ಪರದೆಯನ್ನು ಮತ್ತೊಮ್ಮೆ ನೋಡಿದಳು. "ಮಾರಿ ಏನ್ ಕಾಣೂದಿಲ್ಲ. ಕೈ ಕಾಣತೈತಿ, ಬಳಿ ಕಾಣತಾವ. ಕಳಸು," ಎಂದಳು. ಶಿದ್ರಾಮನ ಆಕ್ಷೇಪಣೆಯನ್ನು ಸಂಘದ ವಹಿಯಲ್ಲಿ ದಾಖಲಿಸುವುದಕ್ಕೂ ಯಾರೂ ಒಪ್ಪಲಿಲ್ಲ.

ಹದಿನೈದು ದಿನಕ್ಕೆ ಪಾಕೀಟು ಅಂಗಡಿಗಳಲ್ಲಿ ತೂಗಾಡಿದವು. 'ಅವ್ವನ ಕೈ ರೊಟ್ಟಿ' ಎಂದು ಮೇಲೆ ದಪ್ಪ ಅಕ್ಷರ, ಕೆಳಗೆ ಶಿದ್ರಾಮನ ಎರಡು ಕೈ. ಹುಕ್ಕೇರಿಯಿಂದ ಇನ್ನೂರು ಪಾಕೀಟು ಹೆಚ್ಚಿಗೆ ಕೇಳಿದರು. ಶೈಲಾಳ ಮಾತು ಉಳಿಯಿತು, ಅದೊಂದು ಸಮಾಧಾನ. ಅಂಗಡಿಯ ಮುಂದೆ ಹಾಯುವಾಗ ಮಾತ್ರ ಅವನು ಕೈಗಳನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದ.

ಆ ರವಿವಾರ ಉದ್ದವ್ವ ನಾಗನೂರಿನಿಂದ ಬಂದಳು. ಸೊಸೆ ಅಭಿಮಾನದಿಂದ ಕೊಟ್ಟ ಪಾಕೀಟನ್ನು ಕಣ್ಣಿನಿಂದ ದೂರ ಹಿಡಿದು, ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. ಶಿದ್ರಾಮ ಪೇಪರಿನ ಹಿಂದೆ ಮರೆಯಾದ.

"ಈ ಕೈ ಯಾರದವಾ? ನಿಂದಲ್ಲ."

"ಸಂಘಕ್ಕ ಹೊಸದಾಗಿ ಸೇರ್ಯಾರ್ರಿ ಅತ್ತಿ."

"ಬರೇ ಬಳಿ ಹಾಕ್ಕೊಂಡು ಕುಂತಾಳ. ದುಡದ ಕೈ ಅಲ್ಲ ಇದು, ಒಂದ ಕೊಡ ನೀರ ಎತ್ತಿಲ್ಲ." ಉದ್ದವ್ವ ನಾಲಿಗೆ ಲೊಚಗುಟ್ಟಿದಳು. "ಇಂಥಾಕಿ ಕೂಡ ಬಾಳೇವು ಮಾಡಾವರ ಹಣೇಬರ ನೋಡು. ಆಕಿಗೆ ಹೇಳು, ದಿನಾ ಮುಂಜಾನಿ ಎದ್ದು ಹತ್ತು ರೊಟ್ಟಿ ಬಡಿ ಅನ್ನು. ಕೈ ತಾನ ತಿರಗತೈತಿ."

ಶೈಲಾ ಪೇಪರಿನ ಕಡೆ ನೋಡಿದಳು. ಅದರ ಎರಡು ಅಂಚು ಹಿಡಿದಿದ್ದ ಬೆರಳುಗಳು ಒಳಕ್ಕೆ ಸರಿಯುತ್ತಿದ್ದವು.

"ಹೇಳತೇನ್ರಿ ಅತ್ತಿ," ಎಂದಳು. "ನಾಳೆ ಮುಂಜಾನಿಂದನ ಬಡಿಯಾಕ ಹಚ್ಚತೇನಿ."